ಬಸ್ಕಿಯ ಊರಲ್ಲಿ ಹನುಮಾನಾಸನ

ಮೈಸೂರಿನ ಗೋಕುಲಂನಲ್ಲಿ ಬೆಳಗ್ಗೆ ಬೆಳಗ್ಗೆ ಎಳನೀರು ಕುಡಿಯೋಕೆ ನಿಂತರೆ, ಎಲ್ಲೆಲ್ಲಿಂದಲೋ ಬಂದ ವಿದೇಶಿಯರು ಯೋಗದ ಚಾಪೆ ಹೆಗಲಿಗೇರಿಸಿಕೊಂಡು ಹೋಗೋದು ಕಾಣುತ್ತೆ. ಅದೇ ಹೊತ್ತಿಗೆ ಹಳೇ ಮೊಹಲ್ಲಾದ ಯಾವುದೋ ಗರಡಿಮನೆಯಲ್ಲಿ ಹುಡುಗನೊಬ್ಬ ಬಸ್ಕಿ ಹೊಡೀತಾ ಇರ್ತಾನೆ. ಮೊದಲನೆಯದು ನಮಗೆ ಅಧ್ಯಾತ್ಮ, ಇನ್‌ಸ್ಟಾಗ್ರಾಂಗೂ ಹೊಂದುತ್ತೆ. ಎರಡನೆಯದು ಪೈಲ್ವಾನರ ವಿಷಯ, ದಸರಾ ಬಂದಾಗ ಮಾತ್ರ ನೆನಪಾಗುತ್ತೆ. ಆದರೆ ಇವೆರಡೂ ಒಂದು ಕಾಲಕ್ಕೆ ಒಂದೇ ಅರಮನೆಯ ಅನ್ನ ಉಂಡಿದ್ದವು. ಇವೆರಡರ ನಡುವಿನ ವ್ಯತ್ಯಾಸವನ್ನು ಶಾಸ್ತ್ರಗ್ರಂಥಗಳಲ್ಲಿ ಹುಡುಕೋದಕ್ಕಿಂತ ನಮ್ಮ ತೊಡೆಯಲ್ಲಿ ಹುಡುಕೋದು ಸುಲಭ ಅಂತ ನನಗನ್ನಿಸುತ್ತೆ.

ಕೂತಲ್ಲೇ ತೊಡೆ ಮುಟ್ಟಿ ನೋಡ್ಕೊಳ್ಳಿ. ಮುಂಭಾಗದಲ್ಲಿ ದಪ್ಪಗಿರೋದು ಕ್ವಾಡ್ರಿಸೆಪ್ಸ್, ನಾಲ್ಕು ಸ್ನಾಯುಗಳ ಗುಂಪು. ಮಡಚಿದ ಮಂಡಿಯನ್ನು ನೆಟ್ಟಗೆ ಮಾಡೋದು ಅದರ ಕೆಲಸ. ಹಿಂಭಾಗದಲ್ಲಿರೋದು ಹ್ಯಾಮ್‌ಸ್ಟ್ರಿಂಗ್, ಮೂರು ಸ್ನಾಯುಗಳು. ನಾವು ಕುರ್ಚಿಯ ಮೇಲೆ ಊರುವ ಮೂಳೆಯಿಂದ ಹೊರಟು, ಮಂಡಿ ದಾಟಿ ಮೊಣಕಾಲಿನ ಕೆಳಗೆ ಅಂಟಿಕೊಳ್ಳುತ್ತವೆ. ಮಂಡಿ ಮಡಚೋದೂ ಅವೇ, ಸೊಂಟದ ಕೀಲಲ್ಲಿ ಕಾಲನ್ನು ಹಿಂದಕ್ಕೆ ಎಳೆಯೋದೂ ಅವೇ. ಹಿಂದಕ್ಕೆಳೆಯುವಾಗ ಜೊತೆಗೆ ಕುಂಡೆಯ ದೊಡ್ಡ ಸ್ನಾಯುವೂ ಸೇರುತ್ತೆ. ತೊಡೆಯನ್ನು ಮೇಲಕ್ಕೆ ಎತ್ತೋದು ಇಲಿಯೊಸೋವಾಸ್. ಬೆನ್ನುಮೂಳೆಯ ಕೆಳಭಾಗದಿಂದ ಮತ್ತು ಸೊಂಟದ ಮೂಳೆಯ ಒಳಮೈಯಿಂದ ಇಳಿದು ತೊಡೆಮೂಳೆಗೆ ಸೇರುವ ಸ್ನಾಯು ಇದು, ಹೊರಗಿಂದ ಕಾಣಲ್ಲ.

ಗರಡಿಯವರಿಗೆ ಈ ಹೆಸರುಗಳು ಬೇಕಿರಲಿಲ್ಲ, ಅವರ ಹತ್ತಿರ ಬಸ್ಕಿ ಇತ್ತು. ಸ್ಕೂಲಲ್ಲಿ ನಮಗದು ಶಿಕ್ಷೆ, ಗಣಪತಿ ಮುಂದೆ ಭಕ್ತಿ, ಪೈಲ್ವಾನನಿಗೆ ಅನ್ನ. ಇಳಿಯುವಾಗ ಕ್ವಾಡ್ರಿಸೆಪ್ಸ್ ಮೈಭಾರ ಹೊತ್ತುಕೊಂಡೇ ಉದ್ದವಾಗುತ್ತೆ, ಏಳುವಾಗ ಅದೂ ಕುಂಡೆಯ ಸ್ನಾಯುವೂ ಸೇರಿ ಮೈಯನ್ನು ಮೇಲಕ್ಕೆತ್ತುತ್ತವೆ. ಇದನ್ನು ದಿನಾ ನೂರಾರು ಸಲ ಮಾಡಿದರೆ ಮಟ್ಟಿಯಲ್ಲಿ ಎದುರಾಳಿ ಎಷ್ಟು ತಳ್ಳಿದರೂ ಕಾಲು ಕದಲಲ್ಲ. ವಿಜಯದಶಮಿಯ ದಿನ ಜಂಬೂ ಸವಾರಿಗೆ ಮುಂಚೆ ಅರಮನೆಯ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತಲ್ಲ, ಅಲ್ಲಿ ರಕ್ತ ಚಿಮ್ಮಿದ ತಲೆಯನ್ನೇ ಎಲ್ಲರೂ ನೋಡ್ತಾರೆ. ನಾನು ಕಾಲು ನೋಡ್ತೀನಿ. ಆ ಕೆಲವೇ ಕ್ಷಣಗಳ ಕಾಳಗದ ಹಿಂದೆ ತಲೆಮಾರುಗಳ ಬಸ್ಕಿ ಇದೆ.

ಇನ್ನು ಅರಮನೆಯ ಒಳಗೆ ಬನ್ನಿ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಹೆಸರಿನಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಎಂಬ ಸಚಿತ್ರ ಗ್ರಂಥದಲ್ಲಿ 122 ಆಸನಗಳ ಚಿತ್ರಗಳಿವೆ. ಹಠಯೋಗ ಪ್ರದೀಪಿಕೆಯಂಥ ಹಳೆಯ ಗ್ರಂಥ ವಿವರಿಸೋದು ಬರೀ 15 ಆಸನ, ಅವುಗಳಲ್ಲೂ ಹೆಚ್ಚಿನವು ಕೂತು ಮಾಡುವಂಥವು. ಹಾಗಾದ್ರೆ ಮೈಸೂರಿಗೆ 122 ಎಲ್ಲಿಂದ ಬಂತು? ಮೈಸೂರಲ್ಲೇ ಇದ್ದು ಸಂಶೋಧನೆ ಮಾಡಿದ ನಾರ್ಮನ್ ಶೋಮನ್ 1996ರ ತಮ್ಮ ಪುಸ್ತಕದಲ್ಲಿ ಇದಕ್ಕೊಂದು ಉತ್ತರ ಕೊಟ್ಟರು: ಅರಮನೆಯ ಆಸನಗಳಲ್ಲಿ ಕುಸ್ತಿಯವರ ವ್ಯಾಯಾಮವೂ ಜಿಮ್ನಾಸ್ಟಿಕ್ಸೂ ಬೆರೆತಿವೆ ಅಂತ. ಶ್ರೀತತ್ತ್ವನಿಧಿಯಲ್ಲಿ ಹಗ್ಗ ಹಿಡಿದು ಮಾಡುವ ಆಸನಗಳೂ ಇವೆ, ಅದನ್ನು ನೋಡಿದರೆ ಅವರ ಮಾತು ತಳ್ಳಿಹಾಕೋಕಾಗಲ್ಲ. ಇದರಿಂದ ಯೋಗದ ಮರ್ಯಾದೆ ಹೋಯ್ತು ಅಂತ ಸಿಟ್ಟಾದವರಿದ್ದಾರೆ. ನನಗಂತೂ ಗರಡಿಯ ಮರ್ಯಾದೆ ಹೆಚ್ಚಿತು ಅಂತಲೇ ಅನ್ನಿಸಿದ್ದು.

1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರಿಗೆ ಯೋಗಶಾಲೆ ತೆರೆದುಕೊಟ್ಟರು. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ಪಂಡಿತರು ಅವರು. 1934ರಲ್ಲಿ 'ಯೋಗ ಮಕರಂದ'ವನ್ನು ಕನ್ನಡದಲ್ಲೇ ಬರೆದರು. (ಜಗತ್ತೆಲ್ಲ ಈಗ ಅದನ್ನು ಇಂಗ್ಲಿಷಲ್ಲಿ ಓದುತ್ತೆ, ನಮ್ಮಲ್ಲಿ ಎಷ್ಟು ಜನ ಕನ್ನಡದಲ್ಲಿ ಓದಿದ್ದೀವಿ?) ಅದೇ ಆವರಣದಲ್ಲಿ ಕೆ.ವಿ. ಅಯ್ಯರ್ ಅವರ ಶಿಷ್ಯರೊಬ್ಬರು ಅಂಗಸಾಧನೆ ಕಲಿಸ್ತಿದ್ದರು. ಅಯ್ಯರ್ ಅಂದ್ರೆ 'ಶಾಂತಲಾ' ಕಾದಂಬರಿಯ ಅಯ್ಯರೇ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ತಮ್ಮ ಮೈಕಟ್ಟಿನ ಫೋಟೋಗಳಿಂದ ಹೊರದೇಶಗಳಲ್ಲೂ ಹೆಸರಾದವರು. ಒಂದು ಕಡೆ ತೊಡೆ ಗಟ್ಟಿ ಮಾಡುವವರು, ಕೂಗಳತೆಯಲ್ಲಿ ತೊಡೆ ಚಾಚುವವರು!

ಚಾಚುವವರಲ್ಲಿ ಒಬ್ಬ ಹುಡುಗನ ಕಥೆ ಹೇಳಲೇಬೇಕು. ಕೋಲಾರ ಸೀಮೆಯ ಬೆಳ್ಳೂರಿನವನು, 1918ರಲ್ಲಿ ಹುಟ್ಟಿದವನು, ಚಿಕ್ಕಂದಿನಲ್ಲೇ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲಾ ಅನುಭವಿಸಿ ಕಡ್ಡಿಯಂತಾಗಿದ್ದವನು. ಕೃಷ್ಣಮಾಚಾರ್ಯರು ಅವನ ಅಕ್ಕನ ಗಂಡ. 1934ರಲ್ಲಿ ಭಾವನ ಮನೆಗೆ ಮೈಸೂರಿಗೆ ಬಂದ. ಒಮ್ಮೆ ಅತಿಥಿಗಳ ಮುಂದೆ ಗುರುಗಳು ಅವನಿಗೆ ಹನುಮಾನಾಸನ ಮಾಡು ಅಂದರು. ಹನುಮಂತ ಲಂಕೆಗೆ ಹಾರಿದ ಭಂಗಿ: ಒಂದು ಕಾಲು ನೇರ ಮುಂದೆ, ಇನ್ನೊಂದು ನೇರ ಹಿಂದೆ, ಸೊಂಟ ನೆಲಕ್ಕೆ. ಹುಡುಗನಿಗೆ ಅದು ಬರ್ತಿರಲಿಲ್ಲ. ಚಡ್ಡಿ ಬಿಗಿ ಇದೆ, ಕಾಲು ಚಾಚೋಕಾಗಲ್ಲ ಅಂತ ನೆಪ ಹೇಳಿದ. ಗುರುಗಳು ಕತ್ತರಿ ತರಿಸಿ ಚಡ್ಡಿಯ ಎರಡೂ ಪಕ್ಕ ಕತ್ತರಿಸಿಸಿದರು. ಇನ್ನೇನು ಹೇಳ್ತಾನೆ? ಮಾಡಿದ. ತೊಡೆಯ ಹಿಂದಿನ ಸ್ನಾಯು ಹರಿಯಿತು. ವಾಸಿಯಾಗೋಕೆ ವರ್ಷಗಳೇ ಹಿಡಿದವು ಅಂತ ಬಿ.ಕೆ.ಎಸ್. ಅಯ್ಯಂಗಾರ್ ಮುಂದೆ ತಾವೇ ಹೇಳಿಕೊಂಡರು.

ಅಲ್ಲಿ ಏನಾಯ್ತು ಅಂತ ದೇಹದ ಲೆಕ್ಕದಲ್ಲಿ ನೋಡಿ. ಹ್ಯಾಮ್‌ಸ್ಟ್ರಿಂಗ್ ಎರಡು ಕೀಲುಗಳನ್ನು ದಾಟುವ ಸ್ನಾಯು. ಮಂಡಿ ಮಡಚಿದ್ದರೆ ಸೊಂಟದ ಹತ್ತಿರ ಬಗ್ಗೋಕೆ ಅದು ಅವಕಾಶ ಕೊಡುತ್ತೆ. ಹನುಮಾನಾಸನದ ಮುಂದಿನ ಕಾಲಲ್ಲಿ ಮಂಡಿಯೂ ನೆಟ್ಟಗೆ, ಸೊಂಟವೂ ಬಗ್ಗಿದೆ. ಎರಡೂ ತುದಿಯಿಂದ ಎಳೆದ ಹಗ್ಗ ಅದು. ಹಿಂದಿನ ಕಾಲಲ್ಲಿ ಇಲಿಯೊಸೋವಾಸ್ ಅದೇ ಥರ ಎಳೆತದಲ್ಲಿರುತ್ತೆ. ಸಿದ್ಧತೆ ಇಲ್ಲದ ಮೈಯನ್ನು ಇಷ್ಟು ಎಳೆದರೆ ಹರಿಯದೆ ಇನ್ನೇನಾಗುತ್ತೆ? ಗರಡಿಯಲ್ಲೂ ವಸ್ತಾದರ ಬೈಗುಳ, ಏಟು ಕಮ್ಮಿ ಇರಲಿಲ್ಲ, ಒಪ್ಪುತ್ತೀನಿ. ಆದರೆ ಅಲ್ಲಿ ಬಸ್ಕಿ ಎಣಿಕೆ ದಿನದಿನಕ್ಕೆ ಏರುತ್ತೆ. ಹತ್ತು ಹೊಡೆಯೋನ ಹತ್ತಿರ ಮಾರನೇ ದಿನವೇ ಸಾವಿರ ಕೇಳಲ್ಲ. ಅತಿಥಿಗಳ ಮುಂದಿನ ಪ್ರದರ್ಶನಕ್ಕೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಮಹಾರಾಜರ ಆಶ್ರಯ ಇದ್ದರೂ ಯೋಗ ಜನರನ್ನು ಸೆಳೆಯಬೇಕಿತ್ತು. ಸೆಳೆಯೋಕೆ ಕಣ್ಣು ಕುಕ್ಕುವ ಭಂಗಿ ಬೇಕಿತ್ತು. ಅದರ ಖರ್ಚು ಬಿದ್ದದ್ದು ಹುಡುಗರ ಮೈಮೇಲೆ. ಕೃಷ್ಣಮಾಚಾರ್ಯರ ವಿದ್ವತ್ತಿನ ಬಗ್ಗೆ ನನಗೆ ಅನುಮಾನ ಇಲ್ಲ, ಆದರೆ ಆ ಕತ್ತರಿಯನ್ನು ಗುರುಲೀಲೆ ಅಂತ ಹೊಗಳೋಕೆ ನನ್ನಿಂದಾಗಲ್ಲ.

1937ರಲ್ಲಿ ಅಯ್ಯಂಗಾರ್ ಪುಣೆಗೆ ಹೋದರು. ಮುಂದೆ ಬೆಲ್ಟು, ಮರದ ಇಟ್ಟಿಗೆ, ಗೋಡೆಗೆ ಕಟ್ಟಿದ ಹಗ್ಗ ಬಳಸಿ, ಬಗ್ಗದ ಮೈಗೂ ಆಸನ ಕಲಿಸುವ ದಾರಿ ಕಟ್ಟಿದರು. ಮೈಸೂರಲ್ಲೇ ಉಳಿದ ಪಟ್ಟಾಭಿ ಜೋಯಿಸರು ಸಂಸ್ಕೃತ ಕಾಲೇಜಿನಲ್ಲಿ ಪಾಠ ಹೇಳಿದರು, ಲಕ್ಷ್ಮೀಪುರಂನಲ್ಲಿ ಯೋಗ ಕಲಿಸಿದರು, 2002ರಲ್ಲಿ ಗೋಕುಲಂಗೆ ಬಂದರು. ಇವತ್ತಿನ ಎಳನೀರು ವ್ಯಾಪಾರಕ್ಕೆ ಮೂಲ ಅಲ್ಲಿದೆ.

ನಾವು ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರ್ತೀವಿ. ಸೊಂಟ ಮಡಚಿ ಇಲಿಯೊಸೋವಾಸ್ ಮೊಟಕಾಗಿಯೇ ಇರುತ್ತೆ, ಕುಂಡೆಯ ಸ್ನಾಯು ಸುಮ್ಮನೆ ಕುರ್ಚಿಯ ಮೆತ್ತೆ ಆಗಿರುತ್ತೆ. ಆಮೇಲೆ ವೀಕೆಂಡಲ್ಲಿ ಯೋಗ ಕ್ಲಾಸಿಗೆ ಹೋಗಿ ಒಂದೇ ಏಟಿಗೆ ಕಾಲ್ಬೆರಳು ಮುಟ್ಟೋಕೆ ಹೊರಡ್ತೀವಿ. ಕನ್ನಡಿಯಲ್ಲಿ ಪಕ್ಕದವರನ್ನು ನೋಡಿ ಇನ್ನೂ ಸ್ವಲ್ಪ ಎಳೀತೀವಿ. ಅಲ್ಲಿ ಕತ್ತರಿ ಹಿಡಿದ ಗುರು ಯಾರೂ ಇರಲ್ಲ, ನಾವೇ. ನಾನೀಗ ಕಾಲು ಚಾಚೋಕೆ ಮುಂಚೆ ಇಪ್ಪತ್ತು ಬಸ್ಕಿ ಹೊಡೀತೀನಿ, ಮಂಡಿ ಒಂಚೂರು ಮಡಚಿಕೊಂಡೇ ಬಗ್ಗುತ್ತೀನಿ. ಇನ್‌ಸ್ಟ್ರಕ್ಟರ್‌ಗೆ ಅಷ್ಟು ಇಷ್ಟ ಇಲ್ಲ.

ಯೋಗಶಾಲೆ 1950ರಲ್ಲಿ ಮುಚ್ಚಿತು. ಜಗನ್ಮೋಹನ ಅರಮನೆ ಈಗ ಚಿತ್ರಶಾಲೆ. ಹಲ್ದಂಕರ್ ಬಿಡಿಸಿದ, ಕೈಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಜನ ಗುಂಪುಗೂಡ್ತಾರೆ. ಒಂದು ಕಾಲಕ್ಕೆ ಹುಡುಗರು ಇಲ್ಲೇ ಕಾಲು ಚಾಚಿ ಆಸನ ಕಲೀತಿದ್ದರು ಅಂತ ಅವರಿಗೆ ಹೇಳೋರಿಲ್ಲ. ಗರಡಿಗಳು ಮಾತ್ರ ಅಲ್ಲಲ್ಲಿ ಇನ್ನೂ ಇವೆ. ಒಳಗೆ ಹೋಗೋಕೆ ಮುಂಚೆ ಚಪ್ಪಲಿ ಬಿಟ್ಟು, ಆಂಜನೇಯನಿಗೆ ಕೈ ಮುಗಿದು ಹೋಗಿ. ಅವರ ಹನುಮಂತನೂ ಅವನೇ.