ಹಸಿರು ಉಟ್ಟವರು, ಹುಲ್ಲು ತಿಂದವರು

ಐರ್ಲೆಂಡ್ ಅಂದ ಕೂಡಲೇ ಹಸಿರು ಅನ್ನುತ್ತಾರೆ. ಮಳೆ ಜಾಸ್ತಿ, ಹುಲ್ಲು ಚೆನ್ನಾಗಿ ಬೆಳೀತದೆ, ಅದಕ್ಕೇ ಅದು ‘ಪಚ್ಚೆಯ ದ್ವೀಪ’. ಭೂಗೋಳದ ಪಾಠದಲ್ಲಿ ಇಷ್ಟಕ್ಕೇ ಮುಗಿಸಿಬಿಡುತ್ತೇವೆ. ಪ್ರವಾಸಿಗಳಿಗೆ ತೋರಿಸುವ ಚಿತ್ರಗಳಲ್ಲೂ ಅದೇ ಹುಲ್ಲು, ಅದೇ ಕುರಿ, ಅದೇ ಕಲ್ಲಿನ ಬೇಲಿ. ಆದರೆ ಆ ಹೆಸರನ್ನು ಮೊದಲು ಅಚ್ಚಿಗೆ ಹಾಕಿದವನು ಬೆಲ್‌ಫಾಸ್ಟಿನ ಒಬ್ಬ ಡಾಕ್ಟರ್, ವಿಲಿಯಂ ಡ್ರೆನನ್. ರಾಜದ್ರೋಹದ ಬರಹ ಬರೆದನೆಂದು 1794ರಲ್ಲಿ ಸರಕಾರ ಅವನನ್ನು ಕಟಕಟೆಗೆ ನಿಲ್ಲಿಸಿತ್ತು. ಬಿಡುಗಡೆಯಾಗಿ ಬಂದ. ಮರುವರ್ಷ ಬರೆದ ಪದ್ಯವೊಂದರಲ್ಲಿ ತನ್ನ ನಾಡನ್ನು ಪಚ್ಚೆಯ ದ್ವೀಪ ಎಂದು ಕರೆದ. ಇವತ್ತು ಹೋಟೆಲಿನವರು, ವಿಮಾನದವರು ಬಳಸುವ ಮಾತು ಹುಟ್ಟಿದ್ದು ಹೀಗೆ, ಕೋರ್ಟಿನ ಮೆಟ್ಟಿಲು ಇಳಿದು ಬಂದವನ ಕೈಯಲ್ಲಿ.

ಅಷ್ಟೊತ್ತಿಗೆ ಐರ್ಲೆಂಡಿಗೆ ಸರಕಾರಿ ಬಣ್ಣ ಒಂದು ಇದ್ದೇ ಇತ್ತು. ಅದು ನೀಲಿ. ಇಂಗ್ಲೆಂಡಿನ ಎಂಟನೇ ಹೆನ್ರಿ 1541ರಲ್ಲಿ ಐರ್ಲೆಂಡಿಗೂ ತಾನೇ ರಾಜನಾದ. ಮುಂದೆ ರಾಜಲಾಂಛನದಲ್ಲಿ ಈ ನಾಡಿನ ಪಾಲಿಗೆ ಬಂದದ್ದು ನೀಲಿ ನೆಲದ ಮೇಲಿನ ಚಿನ್ನದ ಹಾರ್ಪ್, ಅಂದರೆ ತಂತಿವಾದ್ಯ. 1783ರಲ್ಲಿ ಅಲ್ಲಿನ ದೊಡ್ಡ ದೊಡ್ಡ ಪ್ರಭುಗಳಿಗೆ ಕೊಡಲೆಂದು ಸಂತ ಪ್ಯಾಟ್ರಿಕ್ ಹೆಸರಿನ ಬಿರುದು ಹುಟ್ಟಿಸಿದಾಗ ಅದರ ಪಟ್ಟಿಯೂ ತಿಳಿನೀಲಿ. ಅರಸನ ಬಣ್ಣ ನೀಲಿ, ಸಂತನ ಬಣ್ಣ ನೀಲಿ. ಹಾಗಾದರೆ ಹಸಿರು ಯಾರದು?

ಬಡವರದು ಅಂತ ಹೇಳಿಬಿಟ್ಟರೆ ನಮಗೆಲ್ಲ ಖುಷಿ. ಚರಿತ್ರೆ ಅಷ್ಟು ಸಲೀಸಾಗಿ ನಮ್ಮ ಮಾತಿಗೆ ಬರುವುದಿಲ್ಲ. 1761ರಲ್ಲಿ ಟಿಪ್ಪರರಿ ಸೀಮೆಯಲ್ಲಿ ಜಮೀನುದಾರರು ಊರಿನ ಗೋಮಾಳಕ್ಕೆ ಬೇಲಿ ಹಾಕಿದರು. ರಾತ್ರೋರಾತ್ರಿ ಬಂದು ಆ ಬೇಲಿ ಕಿತ್ತೆಸೆದ ಕೂಲಿಗಳು, ಗೇಣಿದಾರರು ಮೈಮೇಲೆ ಹಾಕಿಕೊಂಡಿದ್ದು ಬಿಳಿ ಅಂಗಿ. ‘ವೈಟ್‌ಬಾಯ್ಸ್’ ಅಂತಲೇ ಅವರ ಹೆಸರು. ಹಸಿರು ಬಾವುಟ ಅದಕ್ಕೂ ಹಿಂದೆ, 1642ರಲ್ಲಿ, ಓವೆನ್ ರೋ ಓನೀಲ್ ಎಂಬ ಸೇನಾನಿಯ ಹಡಗಿನ ಮೇಲೆ ಹಾರಿತ್ತು ನಿಜ. ಆದರೆ ಅದನ್ನು ಜನ ಮೈಮೇಲೆ ತೊಡುವ ಬಣ್ಣವಾಗಿ ಮಾಡಿದವರು ಪಟ್ಟಣದ ಓದಿದವರು, ವ್ಯಾಪಾರಿಗಳು, ವಕೀಲರು. ಅವರಲ್ಲಿ ಮುಂದಾಳುಗಳು ಬಹಳ ಮಂದಿ ಪ್ರಾಟೆಸ್ಟಂಟರು.

ಇದು ಹೇಗೆ ಅಂತ ಸ್ವಲ್ಪ ಬಿಡಿಸಿ ನೋಡಬೇಕು. ಆ ನಾಡಿನ ಬಹುಸಂಖ್ಯಾತರು ಕ್ಯಾಥೊಲಿಕರು. 1703ರ ಹೊತ್ತಿಗೆ ಅವರ ಕೈಯಲ್ಲಿ ಉಳಿದಿದ್ದ ಜಮೀನು ನೂರಕ್ಕೆ 14 ಪಾಲು ಮಾತ್ರ. ಅವರು ಹೊಸದಾಗಿ ಜಮೀನು ಕೊಳ್ಳುವ ಹಾಗಿಲ್ಲ, ಆಯುಧ ಇಟ್ಟುಕೊಳ್ಳುವ ಹಾಗಿಲ್ಲ, ಐದು ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆ ಸಾಕುವ ಹಾಗಿಲ್ಲ. ಕುದುರೆಯ ಬೆಲೆಯನ್ನೂ ಕಾನೂನು ಗೊತ್ತುಮಾಡಿತ್ತು! ಉತ್ತರದ ಪ್ರೆಸ್ಬಿಟೇರಿಯನರು ಪ್ರಾಟೆಸ್ಟಂಟರೇ ಆದರೂ ಸರಕಾರಿ ಚರ್ಚಿನವರಲ್ಲ. ತಮ್ಮದಲ್ಲದ ಆ ಚರ್ಚಿಗೆ ಅವರೂ ದಶಾಂಶದ ತೆರಿಗೆ ಕಟ್ಟಬೇಕು. ಫ್ರಾನ್ಸಿನ ಕ್ರಾಂತಿಯ ಗಾಳಿ ಬೀಸಿದಾಗ ಈ ಎರಡೂ ಕಡೆಯವರನ್ನು ಒಟ್ಟಿಗೆ ತರಬೇಕೆಂದು 1791ರ ಅಕ್ಟೋಬರಿನಲ್ಲಿ ಬೆಲ್‌ಫಾಸ್ಟಿನಲ್ಲಿ ‘ಯುನೈಟೆಡ್ ಐರಿಷ್‌ಮೆನ್’ ಸಂಘ ಹುಟ್ಟಿತು. ವುಲ್ಫ್ ಟೋನ್ ಅದರ ದೊಡ್ಡ ತಲೆ. ಮತದ ಹೆಸರುಗಳನ್ನು ಅಳಿಸಿ ಎಲ್ಲರಿಗೂ ಐರಿಷ್ ಎಂಬ ಒಂದೇ ಹೆಸರು ಬರಬೇಕು ಅನ್ನುವುದು ಅವನ ಹಂಬಲ. ಅವರು ರಾಜಲಾಂಛನದ ಹಾರ್ಪನ್ನೇ ತೆಗೆದುಕೊಂಡರು. ಅದರ ಮೇಲಿದ್ದ ಕಿರೀಟ ತೆಗೆದರು, ಹಿಂದಿನ ನೀಲಿ ತೆಗೆದು ಹಸಿರು ಹಾಕಿದರು. ಯಾವ ಚರ್ಚಿಗೂ ಸೇರದ ಬಣ್ಣ ಅವರಿಗೆ ಬೇಕಿತ್ತು.

ಹಸಿರು ರಿಬ್ಬನ್ನು, ಹಸಿರು ಕರವಸ್ತ್ರ ಹಳ್ಳಿಗೂ ಹೋಯಿತು. ಪ್ರಭುತ್ವಕ್ಕೆ ದಿಗಿಲಾಯಿತು. 1797ರಲ್ಲಿ, 1798ರಲ್ಲಿ ಸೈನ್ಯ ಹಳ್ಳಿಹಳ್ಳಿಗೆ ನುಗ್ಗಿದಾಗ ಹಸಿರು ಚಿಂದಿಯೊಂದು ಮೈಮೇಲೆ ಕಂಡರೆ ಸಾಕು, ಅವನು ಬಂಡಾಯಗಾರ. ಹೆಂಗಸರ ಕೊರಳಿನ ಕರವಸ್ತ್ರ ಕಿತ್ತರು, ಬಟ್ಟೆ ಹರಿದರು. ಫ್ರೆಂಚ್ ಕ್ರಾಂತಿಕಾರರ ಹಾಗೆ ಕೂದಲು ಮೋಟಾಗಿ ಕತ್ತರಿಸಿಕೊಂಡವರ ತಲೆಗೆ ಕುದಿಯುವ ಡಾಂಬರಿನ ಕಾಗದದ ಟೋಪಿ ಒತ್ತಿದರು. ಗುಡಿಸಲು ಸುಟ್ಟರು. ಕಡೆಗೆ 1798ರ ಮೇ ತಿಂಗಳಲ್ಲಿ ದಂಗೆ ಎದ್ದಿತು, ಬೇಸಿಗೆಯೊಳಗೇ ಅದನ್ನು ತುಳಿದು ಹಾಕಿದರು. ಸತ್ತವರು ಹತ್ತು ಸಾವಿರಕ್ಕೆ ಕಡಿಮೆ ಇಲ್ಲ. ಮೂವತ್ತು ಸಾವಿರ ಅನ್ನುವವರೂ ಇದ್ದಾರೆ. ಟೋನ್ ಸಿಕ್ಕಿಬಿದ್ದು ಅದೇ ನವೆಂಬರಿನಲ್ಲಿ ಸೆರೆಮನೆಯಲ್ಲಿ ಸತ್ತ.

ಇಲ್ಲಿ ಒಂದು ಮಾತನ್ನು ಮುಚ್ಚಿಟ್ಟರೆ ನಾವು ಸುಳ್ಳುಗಾರರಾಗುತ್ತೇವೆ. ಆ ದಂಗೆಯಲ್ಲಿ ವೆಕ್ಸ್‌ಫರ್ಡಿನ ಸ್ಕಲ್ಲಾಬೋಗ್ ಎಂಬಲ್ಲಿ ಬಂಡಾಯದವರೇ ನೂರಕ್ಕೂ ಹೆಚ್ಚು ಜನರನ್ನು ಕಣಜದ ಮನೆಯೊಳಗೆ ಕೂಡಿ ಬೆಂಕಿ ಇಟ್ಟರು. ಹೆಚ್ಚಿನವರು ಪ್ರಾಟೆಸ್ಟಂಟರು, ಅದರಲ್ಲಿ ಹೆಂಗಸರು ಮಕ್ಕಳು. ಅತ್ತ 1795ರಲ್ಲೇ ಕಿತ್ತಳೆ ಬಣ್ಣದ ಸಂಘವೊಂದು ಆರ್ಮಾ ಸೀಮೆಯಲ್ಲಿ ಹುಟ್ಟಿತ್ತು. 1690ರಲ್ಲಿ ಬಾಯ್ನ್ ಹೊಳೆಯ ದಂಡೆಯಲ್ಲಿ ಕ್ಯಾಥೊಲಿಕ್ ರಾಜನನ್ನು ಸೋಲಿಸಿದ ಆರೆಂಜ್ ಮನೆತನದ ವಿಲಿಯಮ್ಮನ ಬಣ್ಣ ಅದು. ಎಲ್ಲರನ್ನೂ ಕೂಡಿಸಲಿ ಅಂತ ಆರಿಸಿದ ಹಸಿರು ಬರುಬರುತ್ತಾ ಒಂದು ಮತದವರದಾಯಿತು, ಎದುರಿಗೆ ಕಿತ್ತಳೆ ನಿಂತಿತು. ಆಳುವವರಿಗೆ ಇನ್ನೇನು ಬೇಕು?

ಇನ್ನು ನೆಲದ ಹಸಿರಿಗೆ ಬರೋಣ. ಐರ್ಲೆಂಡಿನ ಹಸಿರು ಕಾಡಿನ ಹಸಿರಲ್ಲ, ಕಾಡು ಎಂದೋ ಕಡಿದು ಹೋಗಿತ್ತು. 1841ರಲ್ಲಿ ಅಲ್ಲಿ 80 ಲಕ್ಷಕ್ಕೂ ಮೀರಿ ಜನ. ಬಡವನ ಹೊಟ್ಟೆಗೆ ಇದ್ದದ್ದು ಆಲೂಗಡ್ಡೆ ಒಂದೇ. 1845ರಲ್ಲಿ ರೋಗ ಬಂತು. ಹಸಿರಾಗಿದ್ದ ಎಲೆ ಕೆಲವೇ ದಿನದಲ್ಲಿ ಕಪ್ಪಾಗಿ ಕೊಳೆತು ನಾರಿತು. ಮರುವರ್ಷ ಬೆಳೆ ಪೂರ್ತಿ ಹೋಯಿತು. ಹಾಗಂತ ಆ ದೇಶದಲ್ಲಿ ತಿನ್ನೋದಕ್ಕೆ ಏನೂ ಇರಲಿಲ್ಲವೆ? ಬರಗಾಲದ ಉದ್ದಕ್ಕೂ ದನ, ಬೆಣ್ಣೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಗೇಣಿ ತೀರಬೇಕಲ್ಲ! ಜನ ಗಿಡಗಂಟೆ, ಹುಲ್ಲು ಕಿತ್ತು ತಿಂದರು. ದಾರಿ ಬದಿಯಲ್ಲಿ ಸತ್ತು ಬಿದ್ದವರ ಬಾಯಿ ಹಸಿರಾಗಿತ್ತು ಅನ್ನುವ ನೆನಪು ಅಲ್ಲಿನ ಹಳ್ಳಿಯವರ ಮಾತಿನಲ್ಲಿ ತಲೆಮಾರುಗಳವರೆಗೆ ಉಳಿಯಿತು.

1847ರಲ್ಲಿ ಒಂದು ಕಾನೂನು ತಂದರು. ಕಾಲು ಎಕರೆಗಿಂತ ಹೆಚ್ಚು ಗೇಣಿ ನೆಲ ಇಟ್ಟುಕೊಂಡವನಿಗೆ ಸರಕಾರಿ ಪರಿಹಾರ ಇಲ್ಲ. ನೆಲ ಬಿಡು, ಗಂಜಿ ತಗೋ ಅಂತ ಅರ್ಥ. ನೆಲ ಬಿಟ್ಟವರ ಗುಡಿಸಲುಗಳ ಸೂರು ಕೆಡವಿದರು. ಹತ್ತು ಲಕ್ಷ ಜನ ಸತ್ತರು, ಹತ್ತು ಲಕ್ಷಕ್ಕೂ ಮೀರಿ ಹಡಗು ಹತ್ತಿದರು. 1851ರ ಜನಗಣತಿಯಲ್ಲಿ ಉಳಿದದ್ದು ಸುಮಾರು 65 ಲಕ್ಷ. ಖಾಲಿಯಾದ ತುಂಡು ಹೊಲಗಳನ್ನು ಕೂಡಿಸಿ ದನದ ಹುಲ್ಲುಗಾವಲು ಮಾಡಿದರು. ಉಳುಮೆ ಕಡಿಮೆಯಾಗಿ ಹುಲ್ಲು ಹೆಚ್ಚಾಯಿತು. ಪ್ರವಾಸಿಯ ಕಣ್ಣು ತಂಪು ಮಾಡುವ ಆ ಹಸಿರಿನ ಅಡಿಯಲ್ಲಿ ಎಷ್ಟು ಒಲೆಗಳ ಬೂದಿ ಇದೆಯೋ.

ಬರ ಮುಗಿಯುವ ಮೊದಲೇ, 1848ರ ಮಾರ್ಚಿಯಲ್ಲಿ, ವಾಟರ್‌ಫರ್ಡಿನಲ್ಲಿ ಥಾಮಸ್ ಫ್ರಾನ್ಸಿಸ್ ಮಾಹರ್ ಎಂಬ ಯುವಕ ಹೊಸ ಬಾವುಟ ಹಾರಿಸಿದ. ಹಸಿರು ಒಂದು ಕಡೆ, ಕಿತ್ತಳೆ ಇನ್ನೊಂದು ಕಡೆ, ನಡುವೆ ರಾಜಿಯ ಬಿಳಿ. ಹಸಿರೊಂದೇ ಇನ್ನು ಎಲ್ಲರದಾಗಿ ಉಳಿದಿಲ್ಲ ಅನ್ನುವುದನ್ನು ಈ ಬಾವುಟವೇ ಒಪ್ಪಿಕೊಂಡಂತೆ ಇದೆ.

ಸಾಮ್ರಾಜ್ಯಕ್ಕೂ ಬುದ್ಧಿ ಬಂತು. ಬೋಯರ್ ಯುದ್ಧದಲ್ಲಿ ತನಗಾಗಿ ಸತ್ತ ಐರಿಷ್ ಸಿಪಾಯಿಗಳ ಶೌರ್ಯ ಮೆಚ್ಚಿ, ಸಂತ ಪ್ಯಾಟ್ರಿಕ್ ಹಬ್ಬದ ದಿನ ಐರಿಷ್ ಪಡೆಗಳು ಟೋಪಿಗೆ ಹಸಿರು ಶ್ಯಾಮ್‌ರಾಕ್ ಎಲೆ ಸಿಕ್ಕಿಸಿಕೊಳ್ಳಲಿ ಅಂತ 1900ರಲ್ಲಿ ವಿಕ್ಟೋರಿಯಾ ರಾಣಿ ಅಪ್ಪಣೆ ಕೊಟ್ಟಳು. ಹೊಡೆದು ಕಿತ್ತಿದ್ದನ್ನೇ ಬಹುಮಾನ ಕೊಟ್ಟ ಹಾಗೆ.

ಇದನ್ನೆಲ್ಲ ಕಂಡಿದ್ದವನು ಜೇಮ್ಸ್ ಕನಲಿ. ಹೊಟ್ಟೆಪಾಡಿಗೆ ಸ್ಕಾಟ್ಲೆಂಡಿಗೆ ಹೋದ ಐರಿಷ್ ಕೂಲಿಗಳ ಮಗ, ಎಡಿನ್‌ಬರೋದ ಕೊಳೆಗೇರಿಯಲ್ಲಿ 1868ರಲ್ಲಿ ಹುಟ್ಟಿದವನು. ನಾಳೆಯೇ ಡಬ್ಲಿನ್ ಕೋಟೆಯ ಮೇಲೆ ಹಸಿರು ಬಾವುಟ ಏರಿದರೂ ಜಮೀನುದಾರ, ಬಂಡವಾಳಗಾರ ಇದ್ದಲ್ಲೇ ಇದ್ದರೆ ಇಂಗ್ಲೆಂಡೇ ನಮ್ಮನ್ನು ಆಳುತ್ತದೆ ಎಂಬ ಎಚ್ಚರವನ್ನು ಅವನು 1897ರಲ್ಲೇ ಬರೆದಿದ್ದ. ಹಾಗಂತ ಬಾವುಟ ಬೇಡ ಅನ್ನಲಿಲ್ಲ. ಅವನ ಕಾರ್ಮಿಕ ಪಡೆಯ ಬಾವುಟದ ಹಸಿರು ನೆಲದ ಮೇಲೆ ಇದ್ದದ್ದು ನೇಗಿಲು ಮತ್ತು ನಕ್ಷತ್ರಗಳು. 1916ರ ಏಪ್ರಿಲ್ 16ರಂದು ಕಾರ್ಮಿಕ ಸಂಘದ ಕಟ್ಟಡದ ಮೇಲೆ ಹಸಿರು ಬಾವುಟ ಏರಿಸಲು ಅವನು ಕರೆದದ್ದು ಮಾಲಿ ಓರೈಲಿ ಎಂಬ ಹದಿಹರೆಯದ ಹುಡುಗಿಯನ್ನು. ಎಂಟು ದಿನಕ್ಕೆ ದಂಗೆ. ಮೇ 12ರಂದು, ಗಾಯದಿಂದ ನಿಲ್ಲಲಾರದ ಕನಲಿಯನ್ನು ಕುರ್ಚಿಯಲ್ಲಿ ಕೂರಿಸಿ ಗುಂಡು ಹಾರಿಸಿದರು.

ಈ ಕಥೆ ನಮ್ಮ ನೆಲಕ್ಕೂ ಬಂದಿದೆ. 1920ರ ಜೂನ್ 28. ಪಂಜಾಬಿನ ಜಲಂಧರದ ದಂಡಿನಲ್ಲಿದ್ದ ಕನಾಟ್ ರೇಂಜರ್ಸ್ ಪಡೆಯ ಐರಿಷ್ ಸಿಪಾಯಿಗಳು, ಬ್ರಿಟಿಷರು ತಮ್ಮ ಊರುಗಳಲ್ಲಿ ಮಾಡುತ್ತಿರುವ ಅನಾಹುತ ಕೇಳಿ ಕೆಲಸ ನಿಲ್ಲಿಸಿದರು. ಬಜಾರಿನಿಂದ ತಂದ ಹಸಿರು, ಬಿಳಿ, ಕಿತ್ತಳೆ ಬಟ್ಟೆಯಲ್ಲಿ ಬಾವುಟ ಮಾಡಿ ಹಾರಿಸಿದರು. ದಂಗೆ ಸೋಲನ್‌ಗೆ ಹಬ್ಬಿತು. ಅಲ್ಲಿ ಮದ್ದಿನಮನೆಯ ಹತ್ತಿರ ಇಬ್ಬರು ಗುಂಡಿಗೆ ಬಲಿಯಾದರು. ಮುಂದಾಳು ಜೇಮ್ಸ್ ಡೇಲಿಯನ್ನು ನವೆಂಬರ್ 2ರಂದು ದಗ್‌ಶಾಯಿ ಜೈಲಿನಲ್ಲಿ ಗುಂಡಿಟ್ಟು ಕೊಂದರು. ಅದೇ ಜಲಂಧರದ ಬ್ರಿಗೇಡನ್ನು ಹಿಂದಿನ ವರ್ಷ ನಡೆಸುತ್ತಿದ್ದವನು ಯಾರು ಗೊತ್ತೆ? ಜಲಿಯನ್‌ವಾಲಾ ಬಾಗಿನ ಡಯರ್. ಅವನ ಕೊಲೆಪಾತಕವನ್ನು ಸರಿ ಎಂದ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕೆಲ್ ಓಡ್ವಯರ್ ಟಿಪ್ಪರರಿಯ ಕ್ಯಾಥೊಲಿಕ್ ಜಮೀನುದಾರ ಮನೆಯವನು. ಬಿಳಿ ಅಂಗಿಯವರು ಬೇಲಿ ಕಿತ್ತ ಅದೇ ಟಿಪ್ಪರರಿ.

ಮುಂದೆ ನಾಡು ಎರಡಾಯಿತು. ಬ್ರಿಟಿಷರ ಕೈಯಲ್ಲಿ ಉಳಿದ ಉತ್ತರದಲ್ಲಿ 1954ರ ಕಾನೂನೊಂದು, ಶಾಂತಿಭಂಗವಾಗುತ್ತದೆಂದು ಕಂಡರೆ ಬಾವುಟ ಕಿತ್ತುಹಾಕುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಬ್ರಿಟಿಷ್ ಬಾವುಟವನ್ನು ಮಾತ್ರ ಅದರಿಂದ ಹೊರಗಿಟ್ಟರು. 1964ರಲ್ಲಿ ಬೆಲ್‌ಫಾಸ್ಟಿನ ಡಿವಿಸ್ ಬೀದಿಯಲ್ಲಿ, ಕಿಟಕಿಯಲ್ಲಿದ್ದ ಒಂದು ತ್ರಿವರ್ಣ ಬಾವುಟಕ್ಕಾಗಿ ದಿನಗಟ್ಟಲೆ ಗಲಭೆ ನಡೆಯಿತು. ಡ್ರೆನನ್‌ನ ಬೆಲ್‌ಫಾಸ್ಟಿನಲ್ಲಿ! ಆ ಕಾನೂನು ರದ್ದಾದದ್ದು 1987ರಲ್ಲಿ.

ದಕ್ಷಿಣದಲ್ಲಿ 1922ರಲ್ಲಿ ಸ್ವಂತ ಸರಕಾರ ಬಂತು. ಅದು ಬೇಗ ಮಾಡಿ ಮುಗಿಸಿದ ಕೆಲಸಗಳಲ್ಲಿ ಒಂದು, ಬ್ರಿಟಿಷರ ಕೆಂಪು ಅಂಚೆಡಬ್ಬಿಗಳಿಗೆ ಹಸಿರು ಬಣ್ಣ ಹೊಡೆಸಿದ್ದು. ಡಬ್ಬಿಗಳನ್ನು ಬದಲಾಯಿಸಲಿಲ್ಲ, ಎರಕದ ಕಬ್ಬಿಣ, ಗಟ್ಟಿಮುಟ್ಟಾಗಿದ್ದವು. ಅವುಗಳಲ್ಲಿ ಎಷ್ಟೋ ಇವತ್ತಿಗೂ ಬೀದಿಯಲ್ಲಿ ನಿಂತಿವೆ. ಹತ್ತಿರ ಹೋಗಿ ನೋಡಿದರೆ ಹಸಿರು ಬಣ್ಣದ ಕೆಳಗೆ ಉಬ್ಬಿಕೊಂಡಿರುವ ಕಿರೀಟವೂ, ವಿಕ್ಟೋರಿಯಾ ರಾಣಿಯ ಹೆಸರಿನ ಅಕ್ಷರಗಳೂ ಕೈಗೆ ಸಿಗುತ್ತವೆ.