ಹಿಗ್ಗುವ ವಿಶ್ವ, ಹಿಗ್ಗದ ಮನೆ

1977ರಲ್ಲಿ ತೆರೆಕಂಡ ‘ಆ್ಯನಿ ಹಾಲ್’ ಎಂಬ ಅಮೆರಿಕನ್ ಚಿತ್ರದಲ್ಲಿ ಒಬ್ಬ ಹುಡುಗ ಮನೆಪಾಠ ಬರೆಯುವುದನ್ನೇ ನಿಲ್ಲಿಸಿಬಿಡುತ್ತಾನೆ. ವಿಶ್ವ ಹಿಗ್ಗುತ್ತಿದೆ ಎಂದು ಅವನು ಎಲ್ಲೋ ಓದಿದ್ದಾನೆ. ಎಲ್ಲವೂ ಒಂದು ದಿನ ಹರಿದುಹೋಗುವುದಾದರೆ ಪಾಠ ಬರೆದು ಏನು ಫಲ ಎಂಬುದು ಅವನ ವಾದ. ತಾವಿರುವ ಬ್ರೂಕ್ಲಿನ್ ಹಿಗ್ಗುತ್ತಿಲ್ಲವಲ್ಲ ಎಂದು ತಾಯಿ ಗದರುತ್ತಾಳೆ. ಪ್ರೇಕ್ಷಕರು ನಗುತ್ತಾರೆ. ಆದರೆ ಆ ತಾಯಿಯ ಮಾತಿನಲ್ಲಿ ತಪ್ಪೇನೂ ಇಲ್ಲ. ಅದೇಕೆ ಸರಿ ಎಂಬುದನ್ನು ಬಿಡಿಸಲು ಐನ್‌ಸ್ಟೈನನೂ ಲೇಖನಿ ಹಿಡಿಯಬೇಕಾಯಿತು.

ಕಥೆ ಆರಂಭವಾಗುವುದು ಅಮೆರಿಕದ ಅರಿಜೋನಾದಲ್ಲಿರುವ ಲೊವೆಲ್ ವೀಕ್ಷಣಾಲಯದಲ್ಲಿ. ಅಲ್ಲಿ 1912ರಲ್ಲಿ ವೆಸ್ಟೊ ಸ್ಲೈಫರ್ ಎಂಬಾತ ಆಂಡ್ರೊಮೀಡಾ ನೀಹಾರಿಕೆಯ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅದರ ವೇಗವನ್ನು ಅಳೆದ. ಅದು ಸೆಕೆಂಡಿಗೆ ಸುಮಾರು 300 ಕಿ.ಮೀ. ವೇಗದಲ್ಲಿ ನಮ್ಮತ್ತಲೇ ಧಾವಿಸುತ್ತಿತ್ತು! ಮುಂದಿನ ವರ್ಷಗಳಲ್ಲಿ ಆತ ಇಂಥ ಇನ್ನಷ್ಟು ಸುರುಳಿ ನೀಹಾರಿಕೆಗಳನ್ನು ಪರೀಕ್ಷಿಸಿದಾಗ ಚಿತ್ರ ತಿರುವು ಮುರುವಾಯಿತು. ಬಹುಪಾಲು ನೀಹಾರಿಕೆಗಳ ಬೆಳಕು ಕೆಂಪಿನತ್ತ ಸರಿದಿತ್ತು. ಅಂದರೆ ಅವು ನಮ್ಮಿಂದ ದೂರ ಓಡುತ್ತಿದ್ದವು. ಅವು ನಮ್ಮ ಆಕಾಶಗಂಗೆಯ ಒಳಗಿವೆಯೋ ಹೊರಗಿವೆಯೋ ಎಂಬುದು ಆಗಿನ್ನೂ ತೀರ್ಮಾನವಾಗಿರಲಿಲ್ಲ. ಅವು ಆಕಾಶಗಂಗೆಯಂತೆಯೇ ಪ್ರತ್ಯೇಕ ಗೆಲಾಕ್ಸಿಗಳೆಂದು ಎಡ್ವಿನ್ ಹಬಲ್ ತೋರಿಸಿಕೊಟ್ಟದ್ದು 1920ರ ದಶಕದ ನಡುವಿನಲ್ಲಿ.

1927ರಲ್ಲಿ ಬೆಲ್ಜಿಯಂನ ಪಾದ್ರಿ ಹಾಗೂ ಭೌತವಿಜ್ಞಾನಿ ಜಾರ್ಜ್ ಲೆಮೈತ್ರ್, ಐನ್‌ಸ್ಟೈನನ ಸಮೀಕರಣಗಳ ಆಧಾರದಲ್ಲಿ, ಗೆಲಾಕ್ಸಿಗಳ ಈ ಓಟಕ್ಕೆ ವಿಶ್ವ ಹಿಗ್ಗುತ್ತಿರುವುದೇ ಕಾರಣವೆಂದು ವಾದಿಸಿದ. 1929ರಲ್ಲಿ ಹಬಲ್, ಗೆಲಾಕ್ಸಿ ದೂರವಾದಷ್ಟೂ ಅದರ ಓಟದ ವೇಗ ಹೆಚ್ಚು ಎಂಬ ನಿಯಮವನ್ನು ಪ್ರಕಟಿಸಿದ. ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಅವನಿಗೆ ನೆರವಾಗಿದ್ದ ಮಿಲ್ಟನ್ ಹ್ಯೂಮಸನ್, ಅದೇ ಬೆಟ್ಟಕ್ಕೆ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದವನು. ಇಂದಿನ ಲೆಕ್ಕದಲ್ಲಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಸುಮಾರು 70 ಕಿ.ಮೀ.ಯಂತೆ ವೇಗ ಏರುತ್ತದೆ. ಈ ಸಂಖ್ಯೆ 67 ಎಂದು ಕೆಲವರು, 73 ಎಂದು ಇನ್ನು ಕೆಲವರು ವಾದಿಸುತ್ತಾರೆ. ಆ ಜಗಳ ಇನ್ನೂ ಮುಗಿದಿಲ್ಲ.

ಸರಿ, ವಿಶ್ವವೇ ಹಿಗ್ಗುವುದಾದರೆ ಅದರೊಳಗಿನ ಆಕಾಶಗಂಗೆ, ಸೌರಮಂಡಲ, ಭೂಮಿ, ನಾವು ಕುಳಿತ ಕುರ್ಚಿ, ಇವೂ ಹಿಗ್ಗಬೇಡವೆ? ಒಂದು ವೇಳೆ ಎಲ್ಲವೂ ಸಮನಾಗಿ ಹಿಗ್ಗಿದ್ದರೆ ಅಳೆಯುವ ಕೋಲೂ ಹಿಗ್ಗುತ್ತಿತ್ತು. ಆಗ ಹಿಗ್ಗಿದ್ದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಬಲ್‌ಗೆ ಅದು ಕಂಡಿತೆಂದರೆ ಯಾವುದೋ ಒಂದು ಹಿಗ್ಗದೆ ಉಳಿದಿದೆ ಎಂದೇ ಅರ್ಥ.

ಈ ಪ್ರಶ್ನೆಯನ್ನು ಗಣಿತದ ಒರೆಗಲ್ಲಿಗೆ ಹಚ್ಚಿದವರಲ್ಲಿ ಮೊದಲಿಗನೆಂದರೆ 1933ರಲ್ಲಿ ಬರೆದ ಜಾರ್ಜ್ ಮೆಕ್‌ವಿಟಿ. 1945ರಲ್ಲಿ ಐನ್‌ಸ್ಟೈನ್ ಮತ್ತು ಅವನ ತರುಣ ಸಹಾಯಕ ಅರ್ನ್‌ಸ್ಟ್ ಸ್ಟ್ರಾಸ್ ಇದೇ ವಿಷಯದ ಮೇಲೆ ಒಂದು ಪ್ರಬಂಧ ಬರೆದರು. ಒಂದು ನಕ್ಷತ್ರದ ಸುತ್ತಲಿನ ಗುರುತ್ವ ಕ್ಷೇತ್ರದ ಮೇಲೆ ವಿಶ್ವದ ಹಿಗ್ಗುವಿಕೆಯ ಪ್ರಭಾವವೇನು ಎಂಬುದೇ ಅದರ ವಸ್ತು. ಪ್ರಭಾವವೇನೂ ಇಲ್ಲ ಎಂಬುದೇ ಅದರ ಉತ್ತರ.

ಕಾರಣ ತಿಳಿಯಲು ಒಂದು ಬಲೂನನ್ನು ತೆಗೆದುಕೊಳ್ಳಿ. ವಿಶ್ವವನ್ನು ಉಬ್ಬುವ ಬಲೂನಿಗೆ ಹೋಲಿಸುವುದು 1930ರ ದಶಕದಿಂದಲೂ ರೂಢಿಯಲ್ಲಿದೆ. ಅದರ ಮೇಲೆ ಶಾಯಿಯಿಂದ ಚುಕ್ಕೆ ಇಟ್ಟರೆ ಊದಿದಂತೆ ಚುಕ್ಕೆಯೂ ದೊಡ್ಡದಾಗುತ್ತದೆ. ಇದು ದಾರಿ ತಪ್ಪಿಸುವ ಹೋಲಿಕೆ. ಚುಕ್ಕೆಯ ಬದಲು ಹಣೆಗಿಡುವ ಸ್ಟಿಕರ್ ಬೊಟ್ಟುಗಳನ್ನು ಅಂಟಿಸಿ ಊದಿ. ಬೊಟ್ಟುಗಳ ನಡುವಿನ ದೂರ ಬೆಳೆಯುತ್ತದೆ, ಬೊಟ್ಟು ಇದ್ದಷ್ಟೇ ಇರುತ್ತದೆ. ಗೆಲಾಕ್ಸಿಗಳು ಬೊಟ್ಟುಗಳಂತೆ.

ಆದರೆ ಬೊಟ್ಟನ್ನು ಹಿಡಿದಿಟ್ಟಿರುವುದು ಯಾವುದು? ಗುರುತ್ವಾಕರ್ಷಣೆ. ಹಿಗ್ಗುವಿಕೆ ಎಂಬುದು ಎಲ್ಲವನ್ನೂ ಎಲ್ಲೆಡೆಯೂ ಜಗ್ಗುವ ಬಲವಲ್ಲ. ಅದು ಆದಿಯಲ್ಲಿ ದ್ರವ್ಯಕ್ಕೆ ದೊರೆತ ಓಟ. ದ್ರವ್ಯ ಒಂದಿಷ್ಟು ದಟ್ಟವಾಗಿದ್ದ ಕಡೆಗಳಲ್ಲಿ ಗುರುತ್ವ ಆ ಓಟಕ್ಕೆ ಲಗಾಮು ಹಾಕಿತು. ಮೇಲಕ್ಕೆಸೆದ ಕಲ್ಲು ಒಂದು ಎತ್ತರದಲ್ಲಿ ನಿಂತು ಹಿಂದಿರುಗುವಂತೆ ಅಲ್ಲಿನ ದ್ರವ್ಯವೂ ಮರಳಿ ಕುಸಿಯಿತು. ಹಾಗೆ ಕುಸಿದು ಕೂಡಿಕೊಂಡದ್ದೇ ಗೆಲಾಕ್ಸಿಗಳು. ಕೆಳಗೆ ಬಿದ್ದ ಕಲ್ಲು ಇನ್ನೂ ಏರುತ್ತಿದೆಯೇ ಎಂದು ಯಾರೂ ಕೇಳುವುದಿಲ್ಲ. ಆಕಾಶಗಂಗೆಯ ಒಳಗೆ ಹಿಗ್ಗುವಿಕೆ ಎಂದೋ ಮುಗಿದ ಕಥೆ.

ಈ ವಾದಕ್ಕೆ ಸವಾಲೆಸೆಯುವಂತೆ ಕಾಣುವ ಸಂಗತಿಯೊಂದು ನಮ್ಮ ನೆತ್ತಿಯ ಮೇಲೆಯೇ ಇದೆ. 1969ರಲ್ಲಿ ಅಪೊಲೊ–11ರ ಯಾತ್ರಿಗಳು ಚಂದ್ರನ ಮೇಲೆ ವಿಶೇಷ ಪ್ರತಿಫಲಕಗಳನ್ನು ಇಟ್ಟುಬಂದರು. ಅವುಗಳಿಗೆ ಲೇಸರ್ ಕಿರಣ ಬಿಟ್ಟು ಅಳೆದಾಗ ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಂತೆ ದೂರ ಸರಿಯುತ್ತಿರುವುದು ತಿಳಿಯಿತು. ಹಬಲ್ ನಿಯಮವನ್ನು ಚಂದ್ರನ 3,84,000 ಕಿ.ಮೀ. ದೂರಕ್ಕೆ ಅನ್ವಯಿಸಿ ನೋಡಿ: ವರ್ಷಕ್ಕೆ ಸುಮಾರು 2.8 ಸೆಂಟಿಮೀಟರ್ ಬರುತ್ತದೆ. ಎರಡೂ ಹತ್ತಿರಹತ್ತಿರದ ಸಂಖ್ಯೆಗಳೇ! ಚಂದ್ರನನ್ನು ವಿಶ್ವವೇ ದೂಡುತ್ತಿದೆ ಎಂದು ನಂಬಲು ಇದಕ್ಕಿಂತ ಬೇರೇನು ಬೇಕು?

ಆದರೆ ಇದು ಬರೀ ಕಾಕತಾಳೀಯ. ಚಂದ್ರನನ್ನು ದೂರ ತಳ್ಳುತ್ತಿರುವುದು ಸಮುದ್ರದ ಉಬ್ಬರವಿಳಿತ. ಅದರ ತಿಕ್ಕಾಟದಿಂದ ಭೂಮಿಯ ತಿರುಗಾಟ ನಿಧಾನವಾಗುತ್ತದೆ, ಕಳೆದುಕೊಂಡ ಭ್ರಮಣೆ ಚಂದ್ರನ ಖಾತೆಗೆ ಜಮೆಯಾಗುತ್ತದೆ. ಹಗಲಿರುಳಿನ ಅವಧಿ ಶತಮಾನಕ್ಕೆ ಸುಮಾರು ಎರಡು ಮಿಲಿಸೆಕೆಂಡಿನಷ್ಟು ಹೆಚ್ಚುತ್ತಿರುವುದು ಪ್ರಾಚೀನ ಗ್ರಹಣಗಳ ದಾಖಲೆಗಳಿಂದಲೂ ತಿಳಿಯುತ್ತದೆ. ಇನ್ನೊಂದು ಪರೀಕ್ಷೆಯೂ ಉಂಟು. ಹಿಗ್ಗುವಿಕೆ ಗ್ರಹಗಳ ಕಕ್ಷೆಗಳನ್ನು ಹಿಗ್ಗಿಸುತ್ತಿದ್ದರೆ ಭೂಮಿ ಸೂರ್ಯನಿಂದ ವರ್ಷಕ್ಕೆ ಸುಮಾರು 11 ಮೀಟರ್ ದೂರ ಸರಿಯಬೇಕಿತ್ತು. 1976ರಲ್ಲಿ ಮಂಗಳನ ಮೇಲಿಳಿದ ವೈಕಿಂಗ್ ನೌಕೆಗಳ ರೇಡಿಯೊ ಸಂಕೇತಗಳಿಂದ ಆ ಗ್ರಹದ ದೂರವನ್ನು ಕೆಲವೇ ಮೀಟರುಗಳ ನಿಖರತೆಯಲ್ಲಿ ವರ್ಷಗಟ್ಟಲೆ ಅಳೆದರು. ಅಂಥ ಸರಿದಾಟದ ಸುಳಿವೂ ಸಿಗಲಿಲ್ಲ.

1998ರಲ್ಲಿ ಪ್ರಶ್ನೆ ಮತ್ತೆ ತಲೆಯೆತ್ತಿತು. ದೂರದ ಸೂಪರ್‌ನೋವಾಗಳನ್ನು ಗಮನಿಸುತ್ತಿದ್ದ ಎರಡು ತಂಡಗಳು ಹಿಗ್ಗುವಿಕೆಯ ವೇಗವೇ ಹೆಚ್ಚುತ್ತಿದೆ ಎಂದು ಘೋಷಿಸಿದವು. ಅವುಗಳ ಮುಂದಾಳುಗಳಿಗೆ 2011ರ ನೊಬೆಲ್ ಪ್ರಶಸ್ತಿ ಬಂತು. ಇದಕ್ಕೆ ಕಾರಣವೆನ್ನಲಾದ ‘ಕಪ್ಪು ಶಕ್ತಿ’ ಎಲ್ಲೆಡೆಯೂ ಇರುವುದರಿಂದ ಸೌರಮಂಡಲದಲ್ಲಿಯೂ ಇರಲೇಬೇಕು. ಆದರೆ ಎಷ್ಟು? ನೆಪ್ಚೂನಿನ ಕಕ್ಷೆಯವರೆಗಿನ ಇಡೀ ಗೋಳದೊಳಗಿನ ಕಪ್ಪು ಶಕ್ತಿಯನ್ನು ತೂಕವಾಗಿ ಲೆಕ್ಕ ಹಾಕಿದರೆ ಸುಮಾರು 230 ಕೋಟಿ ಟನ್ನು. ಸೂರ್ಯ ಬೆಳಕು ಚೆಲ್ಲುತ್ತಾ ಹತ್ತು ನಿಮಿಷದೊಳಗೆ ಕಳೆದುಕೊಳ್ಳುವ ತೂಕವೂ ಅಷ್ಟೇ. ಗ್ರಹಗಳಿಗೆ ಅದರ ಗೊಡವೆಯೇ ಇಲ್ಲ.

ಹಾಗಾದರೆ ಹಿಗ್ಗುವಿಕೆಯ ಕೈ ಮೇಲಾಗುವುದು ಎಲ್ಲಿಂದ? ನಮ್ಮ ಆಕಾಶಗಂಗೆ, ಆಂಡ್ರೊಮೀಡಾ ಮತ್ತು ಹಲವಾರು ಪುಟ್ಟ ಗೆಲಾಕ್ಸಿಗಳು ಕೂಡಿ ಒಂದು ಒಟ್ಟು ಕುಟುಂಬದಂತಿವೆ. ಈ ಕುಟುಂಬದ ನಡುಮಧ್ಯದಿಂದ ಸುಮಾರು 30 ಲಕ್ಷ ಜ್ಯೋತಿರ್ವರ್ಷದವರೆಗೆ ಗುರುತ್ವದ ರಾಜ್ಯ. ಸ್ಲೈಫರನಿಗೆ ಆಂಡ್ರೊಮೀಡಾ ನಮ್ಮತ್ತ ಬರುವಂತೆ ಕಂಡದ್ದು ಇದೇ ಕಾರಣಕ್ಕೆ. ಎರಡು ಗೆಲಾಕ್ಸಿಗಳೂ ಮುಂದೆ ಡಿಕ್ಕಿ ಹೊಡೆಯುವುದು ಖಚಿತವೆಂದು 2012ರಲ್ಲಿ ಹೇಳಲಾಗಿತ್ತು. ಮುಂದಿನ ಸಾವಿರ ಕೋಟಿ ವರ್ಷಗಳಲ್ಲಿ ಅದು ಆದರೂ ಆದೀತು, ಆಗದೆಯೂ ಇದ್ದೀತು ಎನ್ನುತ್ತದೆ 2025ರ ಅಧ್ಯಯನ. ಆ ಗಡಿಯಾಚೆಗೆ ದೂರ ಹೋದಂತೆಲ್ಲ ಹಿಗ್ಗುವಿಕೆಯದೇ ಮೇಲುಗೈ.

ಇದರ ಪರಿಣಾಮ ನಮ್ಮ ಮನೆ ಮುರಿಯುವುದಲ್ಲ, ನೆರೆಹೊರೆ ಖಾಲಿಯಾಗುವುದು. ಕಪ್ಪು ಶಕ್ತಿ ಇಂದಿನಂತೆಯೇ ಮುಂದುವರಿದರೆ ಹತ್ತು ಸಾವಿರ ಕೋಟಿ ವರ್ಷಗಳಾಚೆಗೆ ಉಳಿದೆಲ್ಲ ಗೆಲಾಕ್ಸಿಗಳೂ ಕಣ್ಮರೆಯಾಗುತ್ತವೆ. 2007ರಲ್ಲಿ ಲಾರೆನ್ಸ್ ಕ್ರಾಸ್ ಮತ್ತು ರಾಬರ್ಟ್ ಶೆರರ್ ಎಂಬ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಯೋಚಿಸಿದರು. ಆ ಕಾಲದ ಖಗೋಳ ವಿಜ್ಞಾನಿ ಎಷ್ಟೇ ದೊಡ್ಡ ದೂರದರ್ಶಕ ಕಟ್ಟಿದರೂ ಅವನಿಗೆ ಕಾಣುವುದು ತನ್ನ ಗೆಲಾಕ್ಸಿ, ಅದರಾಚೆ ಕತ್ತಲೆ. ವಿಶ್ವ ಹಿಗ್ಗುತ್ತಿದೆ ಎಂಬುದಕ್ಕೆ ಸಾಕ್ಷಿಯೇ ಉಳಿದಿರುವುದಿಲ್ಲ. ಇರುವುದೊಂದೇ ಗೆಲಾಕ್ಸಿ, ಅದು ನಿಶ್ಚಲ ಎಂದು ಅವನು ನಿರ್ಧರಿಸುತ್ತಾನೆ. ಸ್ಲೈಫರ್ ಅಳೆಯಲು ಕುಳಿತಾಗ ಬಹುಮಂದಿ ಪಂಡಿತರು ನಂಬಿದ್ದೂ ಅದನ್ನೇ.

ಹಿಗ್ಗುವಿಕೆ ನಮ್ಮ ಗ್ರಹವನ್ನು ಮುಟ್ಟುವುದಿಲ್ಲ, ನಿಜ. ಆದರೆ ನಾವು ಏನನ್ನು ತಿಳಿಯಬಲ್ಲೆವು ಎಂಬುದಕ್ಕೆ ಅದು ಗಡುವು ಹಾಕಿದೆ. ಸಾಕ್ಷಿಗಳೆಲ್ಲ ಇನ್ನೂ ಕಣ್ಣಳತೆಯಲ್ಲಿರುವ ಕಾಲದಲ್ಲಿ ನಾವು ಹುಟ್ಟಿದ್ದೇವೆ. ಮನೆಪಾಠ ಬರೆಯಲು ಇದಕ್ಕಿಂತ ಒಳ್ಳೆಯ ಕಾರಣ ಇದ್ದೀತೆ?