ಹರಿಶ್ಚಂದ್ರ, ಕಣ್ಣಪ್ಪ ಮತ್ತು ಬೆಳ್ಳಿತೆರೆಯ ಯೇಸು

ನಮ್ಮ ದೇಶದ ಸಿನಿಮಾ ಚರಿತ್ರೆ ಶುರುವಾಗೋದು ಯೇಸುವಿನ ಸಿನಿಮಾ ಒಂದರಿಂದ ಅಂದರೆ ನಂಬ್ತೀರಾ? ದಾದಾಸಾಹೇಬ್ ಫಾಲ್ಕೆ ಬೊಂಬಾಯಿಯಲ್ಲಿ 'ಲೈಫ್ ಆಫ್ ಕ್ರೈಸ್ಟ್' ಅನ್ನೋ ಮೂಕಿ ಚಿತ್ರ ನೋಡಿದರು. ಪರದೆ ಮೇಲೆ ಯೇಸು ಓಡಾಡುತ್ತಿದ್ದರೆ ತಮ್ಮ ಮನಸ್ಸಿನಲ್ಲಿ ರಾಮ, ಕೃಷ್ಣ, ಗೋಕುಲ, ಅಯೋಧ್ಯೆಗಳೇ ಸುಳಿಯುತ್ತಿದ್ದವು ಅಂತ ಆಮೇಲೆ ಅವರೇ ಬರೆದುಕೊಂಡಿದ್ದಾರೆ. ಆ ಗುಂಗಿನಲ್ಲೇ ಸಾಲ ಸೋಲ ಮಾಡಿ, ಕ್ಯಾಮೆರಾ ತಂದು, 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆರೆಗೆ ತಂದರು. ಯೇಸುವನ್ನು ನೋಡಿ ಬಂದವರು ಕೊಟ್ಟಿದ್ದು ಹರಿಶ್ಚಂದ್ರನನ್ನು!

ಈ ಕತೆ ನನಗೆ ಇಷ್ಟವಾಗಲು ಒಂದು ಕಾರಣ ಇದೆ. ನಾನು ಅರಸೀಕೆರೆಯ ಕ್ರೈಸ್ತ ಮನೆಯವನು. ನಮ್ಮೂರಲ್ಲಿ ನಡೆದದ್ದು ಇದರ ಉಲ್ಟಾ.

ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಅರಸೀಕೆರೆಯಿಂದ ಬಾಣಾವರ, ಜಾವಗಲ್ ದಾಟಿದರೆ ಹಳೇಬೀಡು. ಹೊಯ್ಸಳೇಶ್ವರ ಗುಡಿಯ ಗೋಡೆ ನೋಡಿದ್ದೀರಲ್ಲ? ಕೆಳಗೆ ಆನೆಗಳ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ, ಅದರ ಮೇಲೆ ರಾಮಾಯಣ ಮಹಾಭಾರತದ ಕತೆಗಳು. ಪ್ರದಕ್ಷಿಣೆ ಹಾಕುತ್ತಾ ಹೋದರೆ ಕತೆ ಮುಂದಕ್ಕೆ ಹೋಗುತ್ತದೆ. ಸಿನಿಮಾದಲ್ಲಿ ನಾವು ಕೂತಿರುತ್ತೇವೆ, ಚಿತ್ರ ಓಡುತ್ತದೆ. ಇಲ್ಲಿ ಚಿತ್ರ ನಿಂತಿದೆ, ನಾವು ನಡೆಯಬೇಕು, ಅಷ್ಟೇ ವ್ಯತ್ಯಾಸ. ಓದು ಬರಹ ಬಾರದವರೂ ದೇವರ ಕತೆಯನ್ನು ಚಿತ್ರದಲ್ಲೇ ಓದುವುದು ಈ ಸೀಮೆಗೆ ಹೊಸದಲ್ಲ.

ಇನ್ನೊಂದು ವಿಷಯ. ಶಿವಭಕ್ತರ ರಗಳೆಗಳನ್ನು ಬರೆದ ಹರಿಹರ, ಹಂಪಿಗೆ ಹೋಗುವ ಮೊದಲು ಇದೇ ದೋರಸಮುದ್ರದ ಅರಮನೆಯಲ್ಲಿ ಲೆಕ್ಕ ಬರೆಯುತ್ತಿದ್ದ ಅಂತ ಪ್ರತೀತಿ. ಕಣ್ಣಪ್ಪನ ಮೇಲೂ ಅವನ ರಗಳೆ ಇದೆ. ಅವನ ಸೋದರಳಿಯ ರಾಘವಾಂಕನೇ ಕನ್ನಡಕ್ಕೆ ಹರಿಶ್ಚಂದ್ರನನ್ನು ಕೊಟ್ಟವನು. ಈ ಎರಡೂ ಕತೆಗಳು ಬೆಳ್ಳಿತೆರೆಗೂ ಬಂದವು. 1954ರ 'ಬೇಡರ ಕಣ್ಣಪ್ಪ', 1965ರ 'ಸತ್ಯ ಹರಿಶ್ಚಂದ್ರ'. ಎರಡರಲ್ಲೂ ನಮ್ಮ ಅಣ್ಣಾವ್ರು. ಜನ ಟಾಕೀಸಿನಲ್ಲಿ ಕೂತು ಕಣ್ಣೀರಿಟ್ಟರು, ಕೈ ಮುಗಿದರು.

ಈಗ ಯೇಸುವಿನ ವಿಷಯಕ್ಕೆ ಬರ್ತೀನಿ. 1978ರಲ್ಲಿ ತೆಲುಗಿನಲ್ಲಿ 'ಕರುಣಾಮಯುಡು' ಬಂತು. ಅದರಲ್ಲಿ ಯೇಸುವಾದ ವಿಜಯಚಂದರ್ 1986ರಲ್ಲಿ ಶಿರಡಿ ಸಾಯಿಬಾಬಾ ಆಗಿಯೂ ನಟಿಸಿದರು. ಜನ ಎರಡನ್ನೂ ಒಪ್ಪಿಕೊಂಡರು. ಮಾರನೇ ವರ್ಷ, ಅಂದರೆ 1979ರಲ್ಲಿ, ಲೂಕನ ಸುವಾರ್ತೆ ಆಧರಿಸಿದ ಇಂಗ್ಲಿಷಿನ 'ಜೀಸಸ್' ಬಂತು. ಇದು 2000ಕ್ಕೂ ಹೆಚ್ಚು ಭಾಷೆಗಳಿಗೆ ಡಬ್ ಆಗಿದೆ, ಕನ್ನಡದಲ್ಲೂ ಇದೆ. ಇದನ್ನು ಮಾಡಿಸಿದ್ದೇ ಮತಪ್ರಚಾರಕ್ಕೆ. ಅದರಲ್ಲಿ ಮುಚ್ಚುಮರೆ ಏನಿಲ್ಲ.

ಎಂಬತ್ತರ ದಶಕದಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಬಯಲಿನಲ್ಲಿ ಬಿಳಿ ಪರದೆ ಕಟ್ಟಿ ಯೇಸುವಿನ ಸಿನಿಮಾ ತೋರಿಸಿದ್ದರು. ನಮ್ಮ ಪಕ್ಕದ ಮನೆಯ ಅಜ್ಜಿಯೂ ಬಂದಿದ್ದರು. ಹಣೆ ತುಂಬಾ ವಿಭೂತಿ, ಸೋಮವಾರ ತಪ್ಪದೆ ಶಿವಾಲಯಕ್ಕೆ ಹೋಗುವವರು. ಹಿಂದಿನ ವರ್ಷವಷ್ಟೇ ಮಗನನ್ನು ಕಳೆದುಕೊಂಡಿದ್ದರು. ಮನೆಗೆ ವಾಪಸ್ ಬರುವಾಗ ಕೇಳಿದರು: "ಹರಿಶ್ಚಂದ್ರ ಕತ್ತಿ ಎತ್ತಿದಾಗ ದೇವ್ರು ಬಂದು ಕೈ ಹಿಡಿದ. ಕಣ್ಣಪ್ಪ ಇನ್ನೊಂದು ಕಣ್ಣಿಗೂ ಕೈ ಹಾಕಿದಾಗ ಶಿವ ಬಂದ. ಇವನಿಗೆ ಯಾರೂ ಬರ್ಲೇ ಇಲ್ವಲ್ಲಪ್ಪಾ?"

ನಮ್ಮಮ್ಮ, "ಮೂರನೇ ದಿನ ಎದ್ದು ಬಂದನಲ್ಲ" ಅಂದರು.

"ಅದು ಸರಿ ಕಣಮ್ಮಾ. ಆವತ್ತು ಯಾರೂ ಬರ್ಲಿಲ್ವಲ್ಲ" ಅಂದರು ಅಜ್ಜಿ.

ನಾನು ಎಷ್ಟೋ ವರ್ಷ ಭಾನುವಾರದ ಶಾಲೆಯಲ್ಲಿ ಕೂತು ಕಲಿಯದ್ದನ್ನು ಅಜ್ಜಿ ಒಂದೇ ಸಿನಿಮಾದಲ್ಲಿ ಹಿಡಿದಿದ್ದರು. ಚರ್ಚಿಗೆ ಹೋಗುವ ನಮಗೆ ಶುಕ್ರವಾರ ಆದಮೇಲೆ ಈಸ್ಟರ್ ಭಾನುವಾರ ಬಂದೇ ಬರುತ್ತದೆ ಅಂತ ಗೊತ್ತು. ಹಾಗಾಗಿ ಶಿಲುಬೆಯ ಹತ್ತಿರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಿನಿಮಾ ಹಾಗೆ ಓಡಲು ಬಿಡುವುದಿಲ್ಲ. ಆ ಮುಖವನ್ನು ನೋಡುತ್ತಾ ಕೂರಲೇಬೇಕು. ಜೊತೆಗೆ ಅಜ್ಜಿಗೆ ಹೋಲಿಸಿ ನೋಡಲು ಹರಿಶ್ಚಂದ್ರ, ಕಣ್ಣಪ್ಪ ಇದ್ದರು. ಅದಕ್ಕೇ ಎಲ್ಲಿ ಒಂದೇ, ಎಲ್ಲಿ ಬೇರೆ ಅನ್ನೋದು ಅವರಿಗೆ ಥಟ್ಟನೆ ಕಂಡಿತು.

ಬೈಬಲ್ಲಿನಲ್ಲೂ ಹರಿಶ್ಚಂದ್ರನಂಥ ಕತೆ ಇದೆ ನೋಡಿ. ಅಬ್ರಹಾಮ ಮಗನನ್ನು ಬಲಿಕೊಡಲು ಕತ್ತಿ ಎತ್ತಿದಾಗ ದೇವದೂತ ತಡೆಯುತ್ತಾನೆ. ಆದರೆ ಯೇಸುವಿನ ಸರದಿ ಬಂದಾಗ ತಡೆಯುವ ಕೈ ಬರಲಿಲ್ಲ. ತನಗೆ ಮೊಳೆ ಹೊಡೆದವರನ್ನು ಕ್ಷಮಿಸು ಅಂತ ಬೇಡಿಕೊಂಡು ಅವನು ಪ್ರಾಣ ಬಿಟ್ಟ. ಯಾರೂ ಬಾರದೆ ಹೋದ ಮನೆಗಳು ನಮ್ಮ ಬೀದಿಯಲ್ಲೇ ಎಷ್ಟಿಲ್ಲ? ಅಜ್ಜಿಯ ಮನೆಗೂ ಆ ದಿನ ಯಾವ ದೇವರೂ ಬಂದಿರಲಿಲ್ಲ. ದೇವರೇ ಆ ಸಾಲಿನಲ್ಲಿ ಬಂದು ನಿಂತ ಅನ್ನೋದೇ ನನ್ನ ನಂಬಿಕೆಯ ತಿರುಳು ಅಂತ ನನಗೆ ಅರ್ಥವಾಗಿದ್ದು ಅವರ ಪ್ರಶ್ನೆಯಿಂದ.

ಈ ವಿಷಯ ಹೇಳಿದರೆ ನಮ್ಮವರಲ್ಲಿ ಕೆಲವರು "ಯೇಸುವನ್ನು ಹರಿಶ್ಚಂದ್ರನ ಪಕ್ಕ ಕೂರಿಸಬೇಡ" ಅಂತಾರೆ. ಇನ್ನು ಕೆಲವರು "ಇಂಥ ಸಿನಿಮಾ ಎಲ್ಲ ಮತಾಂತರದ ಗಾಳ" ಅಂತಾರೆ. ಅಜ್ಜಿ ಮತ ಬದಲಿಸಲಿಲ್ಲ, ಕೊನೆಯವರೆಗೂ ಸೋಮವಾರದ ಶಿವಾಲಯ ತಪ್ಪಿಸಲಿಲ್ಲ. ನಾನೂ ಚರ್ಚ್ ಬಿಡಲಿಲ್ಲ. ಆದರೆ ನನ್ನ ದೇವರನ್ನು ನನಗೆ ಸರಿಯಾಗಿ ತೋರಿಸಿದ್ದು ಮಾತ್ರ ಕಣ್ಣಪ್ಪನನ್ನು ಬಲ್ಲ ಆ ಕಣ್ಣು.

ಫಾಲ್ಕೆ ಯೇಸುವನ್ನು ನೋಡುತ್ತಾ ಕೃಷ್ಣನನ್ನು ಕಂಡರು. ಅದರಿಂದ ಯೇಸುವಿಗೂ ನಷ್ಟವಾಗಲಿಲ್ಲ, ಕೃಷ್ಣನಿಗೂ ಆಗಲಿಲ್ಲ. ನಮಗೆ ಸಿನಿಮಾ ಸಿಕ್ಕಿತು.